ತೊಡೆಯ ಗುಳಿ ಹೋಗ್ತದೆ ಅಂತ ಕ್ರೀಮ್ ಮಾರುವವರಿದ್ದಾರೆ, ಹುಷಾರು

ಕಲಬುರಗಿಯ ಅಕ್ಕ ತಂಗಿಯರೇ, ಪಾರ್ಲರ್‌ನಲ್ಲಿ ಯಾರಾದರೂ ಸೆಲ್ಯುಲೈಟ್ (ತೊಡೆ ಚರ್ಮದ ಮೇಲಿನ ಗುಳಿಗಳು) ಹೋಗಿಸುವ ಕ್ರೀಮ್ ಅಂತ ಡಬ್ಬಿ ತೆಗೆದರೆ ಎದ್ದು ಬನ್ನಿ. ನನ್ನ 3,800 ರೂಪಾಯಿ ಹೋಯಿತು. ರೊಕ್ಕಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಪಾರ್ಲರ್‌ನವಳು ಕೊಟ್ಟ ಉತ್ತರಗಳಿಗೆ.

ಮನೆಯಲ್ಲಿ ಮದುವೆ ಇತ್ತು ಅಂತ ವ್ಯಾಕ್ಸಿಂಗ್‌ಗೆ ಹೋಗಿದ್ದೆ. ಆಕೆ ನನ್ನ ತೊಡೆ ನೋಡಿ, ಪಕ್ಕದಲ್ಲಿ ಇಬ್ಬರು ಕೂತಿರುವಾಗಲೇ, ‘ಅಯ್ಯ ಅಕ್ಕಾ, ಇದೇನ್ರಿ ಇಷ್ಟು ಗುಳಿ ಬಿದ್ದಾವ?’ ಅಂದಳು. ನಾಚಿಕೆಯಾಯಿತು. ಅದೇ ಆಕೆಗೆ ಬೇಕಿತ್ತು. ಕೂಡಲೇ ಡಬ್ಬಿ ಬಂತು, ಕ್ರೀಮ್ ಹಚ್ಚಿದಳು, ಮೇಲೆ ಪ್ಲಾಸ್ಟಿಕ್ ಸುತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಟೇಪ್ ಹಿಡಿದು ಅಳೆದಳು. ‘ನೋಡ್ರಿ, ಅರ್ಧ ಇಂಚು ಇಳಿದದ!’ ಬೆವರು ಹೋದರೆ, ಟೇಪ್ ಬಿಗಿಯಾಗಿ ಎಳೆದರೆ ಯಾರ ತೊಡೆಯಾದರೂ ಇಳಿಯುತ್ತದೆ ಅಲ್ವಾ? ಆಮೇಲೆ ಮೊಬೈಲ್‌ನಲ್ಲಿ ಇನ್ನೊಬ್ಬರ ಎರಡು ಫೋಟೋ ತೋರಿಸಿದಳು. ಮೊದಲು ಗುಳಿ ಗುಳಿ, ಎರಡು ತಿಂಗಳ ನಂತರ ನುಣ್ಣಗೆ. ಫೋನ್‌ಪೇ ಮಾಡಿ ತಂದೆ.

ದಿನಾ ಹಚ್ಚಿದೆ. ಗುಳಿ ಹಾಗೇ ಇದ್ದವು, ಉರಿ ಮಾತ್ರ ಶುರುವಾಯಿತು. ಮೇ ತಿಂಗಳ ನಮ್ಮೂರ ಬಿಸಿಲು ಸಾಲದು ಅಂತ ಇದೊಂದು. ಮೆಸೇಜ್ ಹಾಕಿದರೆ, ‘ಉರಿ ಬಂದ್ರ ಛಲೋ ಅಕ್ಕಾ, ಕೊಬ್ಬು ಕರಗ್ಲಿಕತ್ತದ’ ಅಂತ ಉತ್ತರ. ಕೊಬ್ಬು ಕರಗುತ್ತಿದೆಯಂತೆ! ಚರ್ಮ ಕೆಂಪಾಗಿ ದದ್ದು ಎದ್ದಿತ್ತು.

ಆ ರಾತ್ರಿ ಆಕೆ ಕಳಿಸಿದ್ದ ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಮೈ ಉರಿದುಹೋಯಿತು. ಎರಡರಲ್ಲೂ ಮೊಣಕಾಲಿನ ಮೇಲೆ ಅದೇ ಬ್ಯಾಂಡೇಜ್ ಪಟ್ಟಿ! ಎರಡು ತಿಂಗಳು ಒಂದೇ ಪಟ್ಟಿ ಒಂದೇ ಜಾಗದಲ್ಲಿ ಇರುತ್ತದಾ? ಬದಲಾಗಿದ್ದು ಬೆಳಕು ಮಾತ್ರ. ನಾನೂ ಮಾಡಿ ನೋಡಿದೆ. ಮೇಲಿನಿಂದ ಟ್ಯೂಬ್‌ಲೈಟ್ ಬಿದ್ದರೆ ಗುಳಿ ಎದ್ದು ಕಾಣುತ್ತವೆ, ಕಿಟಕಿಗೆ ಎದುರಾಗಿ ನಿಂತರೆ ಅರ್ಧ ಮಾಯ. ಕ್ರೀಮೂ ಬೇಡ, ಏನೂ ಬೇಡ.

ಅದನ್ನು ಕೇಳಿದ್ದಕ್ಕೆ ಮಾತೇ ತಿರುಗಿಸಿದಳು. ‘ನೀವು ನೀರು ಕಮ್ಮಿ ಕುಡಿತೀರಿ.’ ‘ಎಣ್ಣಿ ಪದಾರ್ಥ ಬಿಡಬೇಕ್ರಿ.’ ಆಮೇಲೆ, ‘ಒಂದು ಡಬ್ಬಿಗೆ ಎಲ್ಲಿ ಫರಕ್ ಬರ್ತದ, ಇನ್ನೊಂದು ತಗೋರಿ.’ ರೊಕ್ಕ ವಾಪಸ್ ಕೇಳಿದಾಗ, ‘ಹೊರಗಿನ ಮಾಲು, ಕಂಪನಿಯವ್ರು ತಗೊಳಲ್ರಿ.’ ಯಾವ ಕಂಪನಿ ಅಂದೆ. ಬ್ಲಾಕ್ ಮಾಡಿದಳು. ಬ್ಲಾಕ್!

ಚರ್ಮದ ಡಾಕ್ಟರ್ ಹತ್ತಿರ ಹೋದೆ. ಇದು ರೋಗವೇ ಅಲ್ಲ ಅಂದರು, ವಯಸ್ಸಿಗೆ ಬಂದ ಹೆಂಗಸರಲ್ಲಿ ಬಹುಪಾಲು ಜನರಿಗೆ ಇರುತ್ತದೆ, ಸಣ್ಣಗಿರುವವರಿಗೂ. ಚರ್ಮದ ಕೆಳಗಿನ ಗಟ್ಟಿ ನಾರುಗಳು ಚರ್ಮವನ್ನು ಒಳಕ್ಕೆ ಎಳೆಯುತ್ತವೆ, ನಡುವಿನ ಕೊಬ್ಬು ಮೇಲಕ್ಕೆ ಉಬ್ಬುತ್ತದೆ. ಹೊಲಿಗೆ ಹಾಕಿದ ಕೌದಿ ಥರ. ಕೌದಿ ಮೇಲೆ ಎಣ್ಣೆ ಸವರಿದರೆ ಹೊಲಿಗೆ ಬಿಚ್ಚುತ್ತದಾ? ಕೆಫೀನ್ ಇರುವ ಕ್ರೀಮ್ ಚರ್ಮವನ್ನು ಸ್ವಲ್ಪ ಹೊತ್ತು ಬಿಗಿಯಾಗಿ ತೋರಿಸಬಹುದು, ಅಷ್ಟೇ. ಶೇಕಡಾ 0.3 ರೆಟಿನಾಲ್ (ವಿಟಮಿನ್ ಎ ಯ ಒಂದು ರೂಪ) ಇದ್ದರೆ ತುಸು ಕಮ್ಮಿ ಕಾಣಬಹುದು, ಅದಕ್ಕೂ 6 ತಿಂಗಳಾದರೂ ಬೇಕು. ಬಸುರಿಯರಂತೂ ರೆಟಿನಾಲ್ ಮುಟ್ಟಬಾರದು.

ಪಾರ್ಲರ್‌ನವಳ ಮಾತು ಬಿಡಿ, ದೊಡ್ಡ ಕಂಪನಿಗಳೂ ಸಾಚಾ ಅಲ್ಲ. 2014ರಲ್ಲಿ ಅಮೆರಿಕದಲ್ಲಿ ಲಾಕ್ಸಿಟಾನ್ ಕಂಪನಿ ತನ್ನ ಬಾದಾಮಿ ಕ್ರೀಮ್‌ಗಳು ಮೈ ಸಣ್ಣ ಮಾಡುತ್ತವೆ ಅಂತ ಆಧಾರವಿಲ್ಲದೆ ಹೇಳಿದ ಆರೋಪಕ್ಕೆ 4,50,000 ಡಾಲರ್ ಕಟ್ಟಲು ಒಪ್ಪಿತ್ತು.

ನನ್ನ ಡಬ್ಬಿ ತಿರುಗಿಸಿ ನೋಡಿದರೆ ಬ್ಯಾಚ್ ನಂಬರ್ ಇಲ್ಲ, ತರಿಸಿದವರ ವಿಳಾಸ ಇಲ್ಲ. ಹೊರದೇಶದ ಕ್ರೀಮ್ ಆದರೆ ನೋಂದಣಿ ಸಂಖ್ಯೆ ಇರಲೇಬೇಕು, ಅದೂ ಇಲ್ಲ. ಇವು ಕಾಣದಿದ್ದರೆ ತಗೊಳ್ಳಬೇಡಿ. ಬಿಲ್ ಕೇಳಿ. ಕೊಡುವುದಿಲ್ಲ, ಬರೆದಿಟ್ಟುಕೊಳ್ಳಿ.

1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ, 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕ ಇಲ್ಲ. ಫೋನ್‌ಪೇ ಸ್ಕ್ರೀನ್‌ಶಾಟ್, ಆಕೆಯ ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ. ಪಟ್ಟಿ ಕಟ್ಟಿದ ಮೊಣಕಾಲಿನ ಆ ಫೋಟೋ ನಿಮಗೂ ಬಂದಿದ್ದರೆ ಅಳಿಸಬೇಡಿ, ನನಗೆ ಕಳಿಸಿ. ದೂರಿಗೆ ಸೇರಿಸುತ್ತೇನೆ.