ಹಳೇ ಕರ್ಟನ್ ಮೋಟಾರ್‌ನ ವೈರ್‌ಗೆ ಹೊಸ ಮೋಟಾರ್ ಸೇರಿಸುವ ಮುನ್ನ ಇದನ್ನು ಓದಿ

ಹಳೆಯ ಎಲೆಕ್ಟ್ರಿಕ್ ಕರ್ಟನ್ ಟ್ರ್ಯಾಕ್ ಬಿಚ್ಚಿ ಹೊಸದು ಕೂರಿಸುವಾಗ ಕೆಟ್ಟುಹೋದ ಒಂದು ಕೆಲಸದ ವಿವರ ಇದು. ಹೊಸ ಮೋಟಾರ್ ಮೊದಲ ದಿನವೇ ಸುಟ್ಟಿತು. ಅದರ ಬದಲಿಗೆ ತಂದದ್ದು ಸುಡಲಿಲ್ಲ, ಆದರೆ ಹೇಳಿದ ಮಾತು ಕೇಳಲಿಲ್ಲ. ಎರಡೂ ಮೋಟಾರ್‌ಗಳಲ್ಲಿ ದೋಷವಿರಲಿಲ್ಲ. ಗೋಡೆಯಿಂದ ಹೊರಬಂದಿದ್ದ ನಾಲ್ಕು ವೈರ್‌ಗಳಲ್ಲಿ ಯಾವುದು ಏನೆಂದು ತಪ್ಪಾಗಿ ತಿಳಿದದ್ದೇ ಎಲ್ಲಕ್ಕೂ ಮೂಲ.

ಮನೆಯ ಎಸಿ ಕರೆಂಟ್‌ನಿಂದ ನೇರವಾಗಿ ಓಡುವ ಹಳೇ ಕಾಲದ ಮೋಟಾರ್‌ಗೆ ಹೋಗುವ ನಾಲ್ಕು ವೈರ್‌ಗಳೆಂದರೆ ನ್ಯೂಟ್ರಲ್, ಅರ್ಥಿಂಗ್, ತೆರೆಯುವ ಫೇಸ್ ಮತ್ತು ಮುಚ್ಚುವ ಫೇಸ್. ಗೋಡೆಯ ಜೋಡಿ ಸ್ವಿಚ್‌ನಲ್ಲಿ ‘ತೆರೆ’ ಒತ್ತಿದರೆ ಒಂದಕ್ಕೆ ಕರೆಂಟ್, ‘ಮುಚ್ಚು’ ಒತ್ತಿದರೆ ಇನ್ನೊಂದಕ್ಕೆ. ಒತ್ತದಿದ್ದರೆ ಎರಡರಲ್ಲೂ ಇಲ್ಲ. ಅಂದರೆ ಆ ಮೋಟಾರ್‌ಗೆ ಸದಾ ಕರೆಂಟ್ ಇರುವ ವೈರ್ ಒಂದೂ ಇಲ್ಲ. ಅದಕ್ಕೆ ಅದರ ಅಗತ್ಯವೂ ಇರಲಿಲ್ಲ, ಏಕೆಂದರೆ ಎಲ್ಲಿ ನಿಲ್ಲಬೇಕೆಂಬುದನ್ನು ಒಳಗಿನ ಲಿಮಿಟ್ ಸ್ವಿಚ್‌ಗಳೇ ನೋಡಿಕೊಳ್ಳುತ್ತಿದ್ದವು.

ಈಗಿನ ಮೋಟಾರ್‌ನ ಕಥೆ ಬೇರೆ. ಅದರೊಳಗೆ ಡಿಸಿ ಮೋಟಾರ್, ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್, ರಿಮೋಟ್ ಅಥವಾ ಫೋನ್‌ನ ಸಂಕೇತ ಹಿಡಿಯುವ ರೇಡಿಯೋ ಎಲ್ಲ ಇರುತ್ತವೆ. ರೇಡಿಯೋ ಕಿವಿ ತೆರೆದು ಕೂತಿರಬೇಕಾದರೆ ದಿನವಿಡೀ ಕರೆಂಟ್ ಬೇಕು. ಜೊತೆಗೆ ಅನೇಕ ಮಾದರಿಗಳಲ್ಲಿ ಟೆಲಿಫೋನ್ ಜಾಕ್‌ನಂಥ ಪುಟ್ಟ ತೂತೊಂದು ಇರುತ್ತದೆ. ಅದು ಡ್ರೈ ಕಾಂಟ್ಯಾಕ್ಟ್ ಸ್ವಿಚ್‌ಗಾಗಿ. ಅಲ್ಲಿರುವುದು ಕೆಲವೇ ವೋಲ್ಟ್. ಎರಡು ಎಳೆಗಳು ಒಂದಕ್ಕೊಂದು ತಾಗಿದವೋ ಇಲ್ಲವೋ ಎಂಬುದಷ್ಟೇ ಬೋರ್ಡ್‌ಗೆ ಬೇಕಾದ ಸುದ್ದಿ.

ಆ ದಿನ ನಡೆದದ್ದು ಹೀಗೆ. ವೈರ್ ಗುರುತಿಸಲು ಬಂದವರು ಹಳೇ ಮೋಟಾರ್ ಬಿಚ್ಚುವ ಮೊದಲೇ ನಿಯಾನ್ ಟೆಸ್ಟರ್ ಇಟ್ಟು ನೋಡಿದರು. ‘ತೆರೆ’ ಒತ್ತಿದಾಗ ಎರಡೂ ಫೇಸ್ ವೈರ್‌ಗಳಲ್ಲಿ ಟೆಸ್ಟರ್ ಬೆಳಗಿತು. ‘ಮುಚ್ಚು’ ಒತ್ತಿದಾಗಲೂ ಅಷ್ಟೇ. ಹಾಗಾದರೆ ಎರಡರಲ್ಲೂ ಯಾವಾಗಲೂ ಕರೆಂಟ್ ಇದೆ ಎಂದುಕೊಂಡರು. ನಿಜವೆಂದರೆ ಹಳೇ ಮೋಟಾರ್‌ನ ಎರಡು ವೈಂಡಿಂಗ್‌ಗಳ (ತಂತಿ ಸುರುಳಿಗಳ) ನಡುವೆ ಚಾರ್ಜ್ ಹಿಡಿದಿಡುವ ಕೆಪಾಸಿಟರ್ ಇರುತ್ತದೆ. ಒಂದು ಬದಿಗೆ ಕರೆಂಟ್ ಕೊಟ್ಟರೆ ಕೆಪಾಸಿಟರ್ ಮೂಲಕ ಇನ್ನೊಂದು ಬದಿಯ ವೈರ್‌ನಲ್ಲೂ ವೋಲ್ಟೇಜ್ ಕಾಣುತ್ತದೆ. ಕೆಲವೊಮ್ಮೆ ಅದು ಮೇನ್ ವೋಲ್ಟೇಜ್‌ಗಿಂತಲೂ ಹೆಚ್ಚಿರುತ್ತದೆ. ಟೆಸ್ಟರ್ ಸುಳ್ಳು ಹೇಳಲಿಲ್ಲ, ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಅಲ್ಲಿಂದ ಮುಂದೆ ‘ತೆರೆ’ ವೈರನ್ನು ಹೊಸ ಮೋಟಾರ್‌ನ ಫೇಸ್‌ಗೆ ಸೇರಿಸಿದರು. ಮಿಕ್ಕ ‘ಮುಚ್ಚು’ ವೈರ್ ವ್ಯರ್ಥವಾಗಬಾರದೆಂದು, ಗೋಡೆಯ ಸ್ವಿಚ್ಚೂ ಕೆಲಸ ಮಾಡಲಿ ಎಂದು, ಜಾಕ್‌ನ ತೆಳು ವೈರ್ ಒಂದಕ್ಕೆ ಸುತ್ತಿದರು. ಮೊದಲ ಸಲ ‘ಮುಚ್ಚು’ ಒತ್ತಿದ ಕ್ಷಣವೇ ಬೋರ್ಡ್ ಹೋಯಿತು. ಇದಕ್ಕೆ ವಾರಂಟಿ ಕೇಳಿದರೆ ಸಿಗದು. ಬಿಚ್ಚಿ ನೋಡಿದರೆ ಜಾಕ್‌ನ ಬದಿಯ ಸುಟ್ಟ ಗುರುತೇ ಸಾಕ್ಷಿ.

ಎರಡನೇ ಮೋಟಾರ್‌ಗೆ ಜಾಕ್ ಮುಟ್ಟಲಿಲ್ಲ, ಆದರೆ ‘ತೆರೆ’ ವೈರನ್ನೇ ಪೂರೈಕೆಗೆ ಉಳಿಸಿಕೊಂಡರು. ಸ್ವಿಚ್ ಒತ್ತಿದ್ದಾಗ ಮಾತ್ರ ಮೋಟಾರ್‌ಗೆ ಜೀವ. ಯಾರಾದರೂ ಅಭ್ಯಾಸಬಲದಿಂದ ಆಫ್ ಮಾಡಿದರೆ ರಿಮೋಟ್ ಸತ್ತಂತೆ, ಫೋನ್‌ನಲ್ಲಿ ‘ಸಂಪರ್ಕವಿಲ್ಲ’. ಪರದೆ ಅರ್ಧ ದಾರಿಯಲ್ಲಿರುವಾಗ ಕರೆಂಟ್ ಹೋದರೆ ಕೆಲವು ಮೋಟಾರ್‌ಗಳು ತಮ್ಮ ಅಳತೆ ಮರೆತು ಮತ್ತೆ ಹುಡುಕತೊಡಗುತ್ತವೆ. ದೂರು ಬಂದಾಗಲೆಲ್ಲ ವೈಫೈ ಮೇಲೆ ತಪ್ಪು ಹೊರಿಸಲಾಯಿತು.

ಸರಿಯಾದ ದಾರಿ ಕಷ್ಟದ್ದಲ್ಲ. ಎಂಸಿಬಿ (ಮೇನ್ ಬೋರ್ಡ್‌ನ ಬ್ರೇಕರ್) ಆಫ್ ಮಾಡಿ, ಹಳೇ ಮೋಟಾರನ್ನು ಪೂರ್ತಿ ಕಳಚಿ, ವೈರ್ ತುದಿಗಳನ್ನು ಬೇರೆ ಬೇರೆ ಇಡಿ. ಕಳಚಿದ ಮೋಟಾರ್‌ನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು, ಅದರ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಆಮೇಲೆ ಕರೆಂಟ್ ಹಾಕಿ ಪ್ರತಿ ವೈರ್ ಮತ್ತು ನ್ಯೂಟ್ರಲ್ ನಡುವೆ ಮಲ್ಟಿಮೀಟರ್‌ನಲ್ಲಿ ಅಳೆಯಿರಿ, ಮೂರು ಸಲ: ಸ್ವಿಚ್ ಆಫ್ ಇದ್ದಾಗ, ‘ತೆರೆ’ ಒತ್ತಿದಾಗ, ‘ಮುಚ್ಚು’ ಒತ್ತಿದಾಗ. ಒಂದೇ ಪೈಪಿನಲ್ಲಿ ಉದ್ದಕ್ಕೆ ಜೊತೆಯಾಗಿ ಹೋಗುವ ವೈರ್‌ಗಳಲ್ಲಿ ಡಿಜಿಟಲ್ ಮೀಟರ್ ಹತ್ತಾರು ವೋಲ್ಟ್‌ನ ಭ್ರಮೆ ತೋರಿಸಬಹುದು. ಅನುಮಾನವಾದರೆ ಹೋಲ್ಡರ್‌ಗೆ ಹಳೇ ಬಗೆಯ ಫಿಲಮೆಂಟ್ ಬಲ್ಬ್ (ಎಲ್‌ಇಡಿ ಅಲ್ಲ) ಹಾಕಿದ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ನಿಜವಾದ ಕರೆಂಟ್ ಇದ್ದರೆ ಬಲ್ಬ್ ಉರಿಯುತ್ತದೆ, ಭ್ರಮೆಯಾಗಿದ್ದರೆ ಉರಿಯುವುದಿಲ್ಲ.

ಸದಾ ಇರುವ ಫೇಸ್ ಸಿಗುವುದು ಕಿಟಕಿಯ ಬಳಿಯಲ್ಲಲ್ಲ, ಗೋಡೆಯ ಸ್ವಿಚ್ ಡಬ್ಬಿಯೊಳಗೆ, ಸ್ವಿಚ್‌ನ ಕಾಮನ್ ತುದಿಯಲ್ಲಿ, ಅಂದರೆ ಸ್ವಿಚ್‌ಗೆ ಕರೆಂಟ್ ಬರುವ ತುದಿಯಲ್ಲಿ. ಎಂಸಿಬಿ ಮತ್ತೆ ಆಫ್ ಮಾಡಿ, ಹಳೇ ಜೋಡಿ ಸ್ವಿಚ್ ತೆಗೆದು, ಕಾಮನ್‌ನ ಫೇಸನ್ನು ‘ತೆರೆ’ ವೈರ್‌ಗೆ ಕನೆಕ್ಟರ್ ಹಾಕಿ ನೇರವಾಗಿ ಸೇರಿಸಬೇಕು. ‘ಮುಚ್ಚು’ ವೈರನ್ನು ಎರಡೂ ತುದಿಯಲ್ಲಿ ಇನ್ಸುಲೇಟ್ ಮಾಡಿ, ಚೀಟಿ ಅಂಟಿಸಿ ಬಿಟ್ಟುಬಿಡಿ. ಹೊಸ ಮೋಟಾರ್‌ಗೆ ಅರ್ಥಿಂಗ್ ಬೇಡವಾಗಿದ್ದರೂ ಆ ವೈರ್ ಕತ್ತರಿಸಬಾರದು, ಸುರಕ್ಷಿತವಾಗಿ ಮುಚ್ಚಿಡಬೇಕು. ಗೋಡೆಯ ಮೇಲೆ ಬಟನ್ ಬೇಕೇ ಬೇಕು ಎನ್ನುವವರಿಗೆ ಬ್ಯಾಟರಿಯ ವೈರ್‌ಲೆಸ್ ಸ್ವಿಚ್ ಸುಲಭ. ವೈರ್‌ನದೇ ಬೇಕಿದ್ದರೆ ಜಾಕ್‌ಗೆ ಪ್ರತ್ಯೇಕ ತೆಳು ಕೇಬಲ್ ಎಳೆಯಿರಿ, ಮೇನ್ಸ್ ಇರುವ ಪೈಪಿನಲ್ಲಿ ಅದನ್ನು ತೂರಿಸಬೇಡಿ. ಹಳೇ ಸ್ವಿಚ್ಚನ್ನೇ ಉಳಿಸುವ ಆಸೆಯಿದ್ದರೆ ಎರಡು ದಿಕ್ಕಿನ ಫೇಸ್ ಒಪ್ಪಿಕೊಳ್ಳುವ ನಾಲ್ಕು ವೈರ್‌ನ ಮಾದರಿಗಳೂ ಇವೆ. ಕೊಳ್ಳುವ ಮೊದಲೇ ಕೈಪಿಡಿಯ ವೈರಿಂಗ್ ಚಿತ್ರ ನೋಡಿ, ಪೆಟ್ಟಿಗೆಯ ಮೇಲಿನ ಮಾತು ಸಾಲದು. ಈ ಭಾಗ ಕೈಗೆ ಹತ್ತದಿದ್ದರೆ ಎಲೆಕ್ಟ್ರಿಷಿಯನ್‌ಗೆ ಬಿಡಿ, ಆದರೆ ಚಿತ್ರವನ್ನು ಅವರ ಮುಂದಿಡಿ.

ಇನ್ನು ಟ್ರ್ಯಾಕ್ ವಿಷಯ. ಅದೇ ಕೆಲಸದಲ್ಲಿ ಅಲ್ಯೂಮಿನಿಯಂ ಹಳಿಯನ್ನು ಹ್ಯಾಕ್ಸಾದಲ್ಲಿ ಕೊಯ್ದು ಅಂಚನ್ನು ಅರದಿಂದ ಉಜ್ಜದೆ ಬಿಟ್ಟಿದ್ದರು. ಜೋಡಣೆಯ ಜಾಗದಲ್ಲಿ ಕೂದಲೆಳೆಯಷ್ಟು ಚೂಪು ಅಂಚು. ಮೊದಲ ಓಟದಲ್ಲಿ ಮೋಟಾರ್ ಎರಡೂ ಕೊನೆಗಳನ್ನು ತಾನೇ ಕಲಿಯುತ್ತದೆ. ತಡೆ ಸಿಕ್ಕಿದಲ್ಲಿ ಕೊನೆ ಬಂತೆಂದು ಬರೆದುಕೊಳ್ಳುತ್ತದೆ. ಪರದೆ ಮುಕ್ಕಾಲು ದಾರಿಗೆ ನಿಲ್ಲುತ್ತಿದ್ದುದು ಇದಕ್ಕೇ. ಅಂಚು ಉಜ್ಜಿದರಷ್ಟೇ ಸಾಲದು, ಮಿತಿಗಳನ್ನು ಅಳಿಸಿ ಮತ್ತೆ ಕಲಿಸಬೇಕು. ಮೋಟಾರ್ ಹಾಕುವ ಮೊದಲು ಪರದೆಯನ್ನು ಹಿಡಿದು ಹಳಿಯಲ್ಲಿ ಓಡುವ ಪ್ರತಿ ರನ್ನರನ್ನೂ ಕೈಯಿಂದ ತಳ್ಳಿ ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಿದರೆ ಇಷ್ಟು ದೂರ ಬರುವುದೇ ಇಲ್ಲ.

ರನ್ನರ್‌ಗಳನ್ನು ಎಳೆಯುವ ಬೆಲ್ಟ್, ಟ್ರ್ಯಾಕ್‌ನ ಉದ್ದದ ಎರಡು ಪಟ್ಟಿಗಿಂತ ತುಸು ಹೆಚ್ಚು ಬೇಕು; ಜೋಡಿಸಿ ಮುಗಿದ ಮೇಲೆ ಮಾತ್ರ ಮಿಕ್ಕದ್ದು ಕತ್ತರಿಸಿ. ನಡುವೆ ತೆರೆಯುವ ಪರದೆಗೆ ಎರಡು ಮುಖ್ಯ ರನ್ನರ್‌ಗಳು ಬೆಲ್ಟ್‌ನ ಎದುರುಬದುರು ಎಳೆಗಳನ್ನು ಹಿಡಿಯಬೇಕು. ಒಂದೇ ಎಳೆಗೆ ಕಚ್ಚಿದರೆ ಎರಡೂ ಒಂದೇ ಕಡೆಗೆ ಓಡುತ್ತವೆ. ಬೆಲ್ಟ್ ಸಡಿಲವಾದರೆ ಹಲ್ಲು ಜಾರಿ ಟಕಟಕ ಸದ್ದು, ಅತಿ ಬಿಗಿಯಾದರೆ ಬೇರಿಂಗ್‌ಗೆ ಭಾರ.

ಬ್ರಾಕೆಟ್‌ಗಳ ನಡುವೆ 50ರಿಂದ 60 ಸೆಂಟಿಮೀಟರ್ ಸಾಕು, ಆದರೆ ಪರದೆ ಗುಡ್ಡೆಯಾಗಿ ನಿಲ್ಲುವ ತುದಿಗಳಲ್ಲಿ ಇನ್ನೂ ಹತ್ತಿರ ಹಾಕಿ, ಭಾರವೆಲ್ಲ ಅಲ್ಲೇ ಸೇರುತ್ತದೆ. ಭಾರವನ್ನು ಅಂದಾಜಿಗೆ ಬಿಡಬೇಡಿ. 4 ಮೀಟರ್ ಅಗಲ, 2.7 ಮೀಟರ್ ಎತ್ತರ, ನೆರಿಗೆಗೆ ಎರಡು ಪಟ್ಟು ಬಟ್ಟೆ ಎಂದರೆ 21.6 ಚದರ ಮೀಟರ್. ಬಟ್ಟೆ ಮತ್ತು ಲೈನಿಂಗ್ ಸೇರಿ ಚದರ ಮೀಟರ್‌ಗೆ 600 ಗ್ರಾಂ ಆದರೆ ಸುಮಾರು 13 ಕಿಲೋ. ಅಷ್ಟನ್ನು ದಿನಾ ಎಳೆಯುವ ಹಳಿಯನ್ನು ಬರೀ ಜಿಪ್ಸಮ್ ಬೋರ್ಡ್‌ಗೆ ಸ್ಕ್ರೂ ಮಾಡಿದರೆ ಉಳಿಯದು. ಬೋರ್ಡ್ ಹಿಂದೆ ಮರದ ಪಟ್ಟಿಯೋ ಲೋಹದ ಚೌಕಟ್ಟೋ ಇರಬೇಕು. ಹಳೇ ಸ್ಕ್ರೂ ತೂತುಗಳನ್ನೇ ಮತ್ತೆ ಬಳಸುವ ಆಸೆ ಬೇಡ, ಅವು ಅಗಲವಾಗಿರುತ್ತವೆ.

ಹಳೇ ಪರದೆಯನ್ನೇ ತೂಗುಹಾಕುವುದಾದರೆ ಹುಕ್‌ನಿಂದ ನೆಲದವರೆಗಿನ ಅಳತೆ ಮತ್ತೆ ತೆಗೆಯಿರಿ. ಹೊಸ ಹಳಿಯ ದಪ್ಪ ಬೇರೆ, ರನ್ನರ್‌ನ ಉದ್ದ ಬೇರೆ. ನೆಲ ಒರೆಸುವ ಪರದೆಯ ಎಳೆತವನ್ನು ಮೋಟಾರ್ ತಡೆಯೆಂದು ತಿಳಿದು ನಿಂತುಬಿಡಬಹುದು, ಹಾಗಾಗಿ ಒಂದು ಸೆಂಟಿಮೀಟರ್ ಆದರೂ ಅಂತರ ಬಿಡಿ. ಕೈಯಿಂದ ಸ್ವಲ್ಪ ಎಳೆದರೆ ತಾನೇ ಓಡುವ ಸೌಲಭ್ಯವಿದ್ದರೆ, ಗಾಳಿ ಬೀಸುವ ಕಿಟಕಿಯ ಬಳಿ ಅದನ್ನು ಆಫ್ ಮಾಡಿಡಿ. ಗಾಳಿ ಪರದೆಯನ್ನು ಎಳೆದಾಗಲೂ ಮೋಟಾರ್ ಅದನ್ನು ಕೈಯೆಂದೇ ತಿಳಿಯುತ್ತದೆ.