ತುಂಬಿದ್ದು ಯಾವುದು, ಖಾಲಿ ಯಾವುದು? ಕ್ಯಾಮೆರಾ ಕಾರ್ಡು ಇಡಲು ನಾನು ಹುಡುಕಿದ ಜಾಗಗಳು

ರಂಗನತಿಟ್ಟಿನ ದೋಣಿಯಲ್ಲಿ ಕೂತು ನಾನು ತುಂಬಿದ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿಬಿಟ್ಟೆ. ಅದರಲ್ಲಿ ಹಿಂದಿನ ದಿನ ಕೊಕ್ಕರೆ ಬೆಳ್ಳೂರಿನಲ್ಲಿ ತೆಗೆದ ಹೆಜ್ಜಾರ್ಲೆಗಳಿದ್ದವು. ಹುಣಸೆ ಮರದ ತುದಿಯಲ್ಲಿ ಗೂಡು, ಗೂಡಿನಲ್ಲಿ ಮರಿ, ಮರಿಯ ತಲೆ ತಾಯಿಯ ಗಂಟಲಚೀಲದೊಳಗೆ. ಬೆಳಗ್ಗೆ ಪೂರ್ತಿ ಕಾದು ತೆಗೆದ ಚಿತ್ರಗಳು. ದೋಣಿ ನಡೆಸುವವರು ಆಗ ತಾನೇ ಬಂಡೆಯ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿದ್ದ ಮೊಸಳೆ ತೋರಿಸಿದ್ದರು. ಕ್ಯಾಮೆರಾದಲ್ಲಿ ಜಾಗ ಮುಗಿದಿತ್ತು. ಜೇಬಿಗೆ ಕೈ ಹಾಕಿದೆ, ಸಿಕ್ಕಿದ ಕಾರ್ಡು ತುರುಕಿದೆ. ಫಾರ್ಮ್ಯಾಟ್ ಮಾಡಲೇ ಅಂತ ಕ್ಯಾಮೆರಾ ಕೇಳಿದ್ದಕ್ಕೆ ಹ್ಞೂಂ ಅಂದೆ.

ನಲವತ್ತು ಚಿತ್ರ ತೆಗೆದ ಮೇಲೆ ಗೊತ್ತಾಯಿತು. ಕೂಡಲೇ ಆ ಕಾರ್ಡು ಹೊರಗೆ ತೆಗೆದೆ. ನಾನು ಅಂದು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಕ್ಯಾಮೆರಾದ ಫಾರ್ಮ್ಯಾಟ್ ಸಾಮಾನ್ಯವಾಗಿ ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿಯನ್ನು ಅಳಿಸುತ್ತದೆ, ಅಷ್ಟೇ. ಮೇಲೆ ಬೇರೆ ಚಿತ್ರ ಬರೆಯುವ ತನಕ ಹಳೆಯವು ಅಲ್ಲೇ ಇರುತ್ತವೆ. ಮನೆಗೆ ಬಂದು ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿದೆ. ಹೆಚ್ಚಿನವು ಸಿಕ್ಕಿದವು, ಹೆಸರು ಮಾತ್ರ ಕಳೆದುಕೊಂಡು. ಮೊಸಳೆ ಮೇಲೆ ಬಂದು ಕೂತಿದ್ದ ಜಾಗದ ಹೆಜ್ಜಾರ್ಲೆಗಳು ಸಿಗಲಿಲ್ಲ.

ಕಾರ್ಡು ಇಡುವುದಕ್ಕೆ ಸರಿಯಾದ ವ್ಯವಸ್ಥೆ ಬೇಕು ಅಂತ ಹೊರಟಿದ್ದು ಆಮೇಲೆ. ಒಂದು ಬೇಸಿಗೆ, ಒಂದು ಮಳೆಗಾಲ, ಮತ್ತೆ ಅರ್ಧ ಬೇಸಿಗೆ. ಒಂದೊಂದು ಸಲ ಒಂದೊಂದು ಬಗೆ.

ಮೊದಲು, ಕಾರ್ಡಿನ ಜೊತೆಗೇ ಬರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ದುಡ್ಡು ಕೊಡಬೇಕಿಲ್ಲ, ಧೂಳು ಸುಮಾರಾಗಿ ತಡೆಯುತ್ತದೆ. ಆದರೆ ಒಂದು ಡಬ್ಬಿಗೆ ಒಂದೇ ಕಾರ್ಡು. ಆರು ಕಾರ್ಡು ಅಂದರೆ ಜೇಬಿನಲ್ಲಿ ಆರು ಡಬ್ಬಿ ಲೊಟಲೊಟ ಅನ್ನುತ್ತಿರುತ್ತವೆ. ತೆರೆಯಲು ಎರಡು ಕೈ ಬೇಕು, ಉಗುರೂ ಬೇಕು. ಕಬಿನಿಯಲ್ಲಿ ಸಫಾರಿ ಜೀಪು ನಿಂತಿತ್ತು, ಮರದ ಮೇಲೆ ಚಿರತೆ. ಎಲ್ಲರೂ ಉಸಿರು ಹಿಡಿದಿದ್ದರು. ನಾನು ಮೊಣಕಾಲಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ಒಂದೇ ಕೈಯಲ್ಲಿ ಡಬ್ಬಿ ಒತ್ತಿದೆ. ಟಪ್ ಅಂತು. ಕಾರ್ಡು ಹಾರಿ ಸೀಟಿನ ಕೆಳಗೆ ಹೋಯಿತು. ಮೊದಲಿನ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡು 43 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದ ಇತ್ತು, ಬಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಈಗ ನಾನು ಬಳಸುವ ಎಸ್‌ಡಿ ಕಾರ್ಡು 32ಕ್ಕೆ 24, ದಪ್ಪ ಎರಡು ಮಿಲಿಮೀಟರ್ ಚಿಲ್ಲರೆ. ಜೀಪಿನ ಕೆಂಪು ಧೂಳಿನಲ್ಲಿ ಅದನ್ನು ಹುಡುಕುವುದು ಅಂದರೆ ರಾಗಿಯಲ್ಲಿ ಸಾಸಿವೆ ಹುಡುಕಿದ ಹಾಗೆ. ಸಫಾರಿ ಮುಗಿದ ಮೇಲೆ ಡ್ರೈವರ್ ಅಣ್ಣ ಟಾರ್ಚ್ ಹಿಡಿದು ಹುಡುಕಿಕೊಟ್ಟರು. ಕ್ಯಾಮೆರಾಕ್ಕೆ ಹಾಕುವ ಮೊದಲು ಬ್ಲೋವರಿನಿಂದ ಗಾಳಿ ಊದಿ ಧೂಳು ತೆಗೆದೆ. ಅಂಗಿಯ ತುದಿಯಿಂದ ಉಜ್ಜಬೇಡಿ. ಚಿನ್ನದ ಬಣ್ಣದ ಪಟ್ಟಿಗಳು ಸಣ್ಣ ಸಣ್ಣ ತೋಡುಗಳೊಳಗೆ ಕೂತಿರುತ್ತವೆ, ಉಜ್ಜಿದರೆ ಧೂಳು ಇನ್ನಷ್ಟು ಒಳಗೆ ಹೋಗುತ್ತದೆ.

ಹಾಗೇ ಬರಿ ಜೇಬಿಗೆ ಹಾಕಿಕೊಳ್ಳುವವರ ಬಗ್ಗೆ ಎರಡೇ ಮಾತು. ನಾನೂ ಹಾಕಿಕೊಂಡಿದ್ದೆ, ಪ್ಯಾಂಟಿನ ಜೊತೆ ಕಾರ್ಡೂ ವಾಷಿಂಗ್ ಮೆಷಿನ್‌ಗೆ ಹೋಯಿತು. ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿದೆ, ಇವತ್ತಿಗೂ ನಡೆಯುತ್ತಿದೆ. ಅದರ ಮೇಲೆ ಹೆಂಡತಿ ಅಂದ ಮಾತು ಇಲ್ಲಿ ಬೇಡ.

ಆದರೆ ಆ ಒಗೆತ ನನಗೊಂದು ವಿಷಯ ಕಲಿಸಿತು. ಸಿಹಿನೀರಿಗೆ, ಧೂಳಿಗೆ ನಾವು ಅಂದುಕೊಂಡಷ್ಟು ಸುಲಭವಾಗಿ ಕಾರ್ಡು ಸಾಯುವುದಿಲ್ಲ. ಬಿಸಿಲಿಗೂ ಅಷ್ಟೇ. ಸಾಮಾನ್ಯವಾಗಿ 85 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ ಅಂತ ಕಾರ್ಡಿನವರೇ ಹೇಳಿರುತ್ತಾರೆ. ನಾವು ಕಳೆದುಕೊಳ್ಳುವುದು ಬೀಳಿಸಿ, ಮರೆತು, ಇಲ್ಲವೇ ನನ್ನ ಹಾಗೆ ತಪ್ಪು ಕಾರ್ಡು ಅಳಿಸಿ. ಇದು ತಲೆಗೆ ಹೋಗುವ ಮೊದಲೇ ನಾನು ಜಾಸ್ತಿ ದುಡ್ಡು ಕೊಟ್ಟು ಗಟ್ಟಿ ಡಬ್ಬಿ ತಂದಾಗಿತ್ತು. ಇರಲಿ.

ಗಟ್ಟಿ ಡಬ್ಬಿ ಅಂದರೆ ಸುತ್ತ ರಬ್ಬರ್ ಪಟ್ಟಿ, ಒಳಗೆ ಹನ್ನೆರಡು ಗುಳಿ ಇರುವ ರಬ್ಬರ್ ಹಾಸು. ಮೇಲೆ ಜೀಪು ಹತ್ತಿದರೂ ಏನೂ ಆಗದು ಅನ್ನುವ ಗತ್ತು ಅದಕ್ಕೆ. ಇದನ್ನು ಆಗುಂಬೆಗೆ ಒಯ್ದೆ, ಮಳೆಗಾಲದಲ್ಲಿ. ಅಲ್ಲಿನ ಮಳೆ ಗೊತ್ತಲ್ಲ, ಒಣಗಲು ಹಾಕಿದ ಬನಿಯನ್ ಮೂರನೇ ದಿನ ಮೊದಲಿಗಿಂತ ಒದ್ದೆ ಇರುತ್ತದೆ. ಲೆನ್ಸಿಗೇ ಬೂಷ್ಟು ಹಿಡಿಯುವ ಊರು. ರಾತ್ರಿ ಹಾರುವ ಕಪ್ಪೆಗಾಗಿ ಕೆರೆ ದಂಡೆಯಲ್ಲಿ ನಿಂತಿದ್ದೆವು. ನೀರಿನ ಮೇಲೆ ಬಾಗಿದ ಎಲೆಗೆ ಅದು ಬಿಳಿ ನೊರೆಯ ಗೂಡು ಕಟ್ಟುತ್ತಿತ್ತು. ಕಾಲಿಗೆ ಇಂಬಳ, ತಲೆಗೆ ಟಾರ್ಚು, ಕುತ್ತಿಗೆಯಲ್ಲಿ ನೀರಿಳಿಯುವ ರೇನ್‌ಕೋಟು.

ಡಬ್ಬಿಯೊಳಗೆ ಹೊರಗಿನ ನೀರು ಒಂದು ಹನಿಯೂ ಹೋಗಲಿಲ್ಲ, ಮುಚ್ಚಿದ್ದಾಗ. ಆದರೆ ಕಾರ್ಡು ಬದಲಿಸಲು ತೆರೆಯಲೇಬೇಕಲ್ಲ? ತೆರೆದ ಆ ಅರ್ಧ ನಿಮಿಷದಲ್ಲಿ ಟೋಪಿಯ ಅಂಚಿನಿಂದ ಎರಡು ಹನಿ ನೇರ ಗುಳಿಯೊಳಗೆ ಬಿದ್ದವು. ಮತ್ತೆ ಮುಚ್ಚಿದೆ. ಈಗ ಅದೇ ರಬ್ಬರ್ ಪಟ್ಟಿ ನೀರನ್ನು ಒಳಗೆ ಕಾಯುತ್ತಿತ್ತು! ಬೆಳಗ್ಗೆ ನೋಡಿದರೆ ಮುಚ್ಚಳದ ಒಳಗಡೆ ಮಂಜು. ಮರುದಿನ ತೇವ ಹೀರುವ ಸಿಲಿಕಾ ಜೆಲ್‌ನ ಒಂದು ಪುಡಿಕೆ ಹಾಕಿದ ಮೇಲೆ ಸರಿಹೋಯಿತು. ಇನ್ನೊಂದು ತೊಂದರೆ ಅಂದರೆ ಅದು ಜೇಬಿಗೆ ಹಿಡಿಯುವುದಿಲ್ಲ. ಬ್ಯಾಗಿನ ತಳ ಸೇರುತ್ತದೆ. ಬ್ಯಾಗು ಇಳಿಸಿ, ಮಳೆಯಲ್ಲಿ ಜಿಪ್ಪು ತೆಗೆದು, ತಡಕಾಡಿ. ಅಷ್ಟರಲ್ಲಿ ಕಪ್ಪೆ ನೊರೆ ಕಡೆಯುವುದು ಮುಗಿಸಿತ್ತು.

ಒಂದು ವಿಷಯಕ್ಕೆ ಮಾತ್ರ ಈ ಡಬ್ಬಿಗೆ ಪೂರ್ತಿ ಅಂಕ. ಗುಳಿಯ ಹಿಡಿತ ಬಿಗಿ, ಕಾರ್ಡು ಮೇಲೆ ಮುಖ ಇಟ್ಟರೂ ಕೂರುತ್ತದೆ, ಕೆಳಗೆ ಮುಖ ಇಟ್ಟರೂ ಕೂರುತ್ತದೆ. ಹೆಸರಿನ ಚೀಟಿ ಕಂಡರೆ ಖಾಲಿ, ಬೆನ್ನು ಕಂಡರೆ ತುಂಬಿದ್ದು. ತೆರೆದ ಕೂಡಲೇ ಹನ್ನೆರಡರ ಲೆಕ್ಕವೂ ಒಂದೇ ನೋಟಕ್ಕೆ ಸಿಗುತ್ತದೆ.

ಮಡಚುವ ಪರ್ಸು ಕೈಗೆ ಬಂದಾಗ ನನಗೆ ನೆನಪಾಗಿದ್ದು ಅಜ್ಜಿಯ ಎಲೆಯಡಿಕೆ ಸಂಚಿ. ಅಜ್ಜಿ ಮಾತಾಡುತ್ತಾ, ಕಣ್ಣು ಬೀದಿಯ ಮೇಲಿಟ್ಟು, ಸಂಚಿಗೆ ಕೈ ಹಾಕುತ್ತಿದ್ದರು. ಎಲೆ ಒಂದು ಮಡಿಕೆಯಲ್ಲಿ, ಅಡಿಕೆ ಇನ್ನೊಂದರಲ್ಲಿ, ಸುಣ್ಣದ ಡಬ್ಬಿ ಕೊನೆಯದರಲ್ಲಿ. ಒಂದು ದಿನವೂ ತಪ್ಪಲಿಲ್ಲ. ನಿಜ ಹೇಳಬೇಕಂದರೆ ಮೊದಲು ಆ ಸಂಚಿಯನ್ನೇ ತೊಳೆದು ಒಂದು ವಾರ ಕಾರ್ಡಿಗೆ ಬಳಸಿದೆ! ಸೊಂಟಕ್ಕೆ ಕಟ್ಟಿಕೊಂಡರೆ ಬೀಳುವ ಭಯವೇ ಇಲ್ಲ, ದಾರ ಎಳೆದರೆ ಬಾಯಿ ಮುಚ್ಚುತ್ತದೆ. ಆದರೆ ಹಳೆ ಹತ್ತಿ ಬಟ್ಟೆ ನೂಲು ಬಿಡುತ್ತದೆ. ಕಾರ್ಡಿನ ತೋಡಿನಲ್ಲಿ ಬಿಳಿ ಎಳೆ ಕಂಡ ದಿನ ಸಂಚಿಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ. ಆ ಎಳೆ ಕ್ಯಾಮೆರಾದ ಒಳಗೆ ಸೇರಿದರೆ ತೆಗೆಯುವುದು ಕಷ್ಟ.

ಪರ್ಸು ಅದೇ ಸಂಚಿಯ ನೈಲಾನ್ ಮೊಮ್ಮಗ. ಮೂರು ಮಡಿಕೆ, ಒಂಬತ್ತು ಪಾರದರ್ಶಕ ಜೇಬು, ಬೆಲ್ಟಿಗೆ ಸಿಕ್ಕಿಸಲು ಒಂದು ದಾರ. ಗಟ್ಟಿ ಡಬ್ಬಿಯ ಅರ್ಧ ಬೆಲೆ. ಎಡಗೈಯಲ್ಲಿ ಬಿಡಿಸಿ ಬಲಗೈಯಲ್ಲಿ ತೆಗೆಯಬಹುದು. ಕೈ ಜಾರಿದರೂ ದಾರದಲ್ಲಿ ನೇತಾಡುತ್ತದೆ. ಅದೇ ರಂಗನತಿಟ್ಟಿನ ದೋಣಿಗೆ ಎರಡನೇ ಸಲ ಹೋದಾಗ ಇದೊಂದೇ ಕಾರಣಕ್ಕೆ ಧೈರ್ಯ ಇತ್ತು. ಮೇಲಿನ ಮಡಿಕೆ ಖಾಲಿ ಕಾರ್ಡಿಗೆ, ಕೆಳಗಿನದು ತುಂಬಿದ್ದಕ್ಕೆ, ಬೆನ್ನು ಮೇಲೆ ಮಾಡಿ. ಒಂದು ತಿಂಗಳಲ್ಲಿ ಕೈಗೇ ಅಭ್ಯಾಸವಾಯಿತು.

ದೂರು ಇಲ್ಲ ಅಂತಲ್ಲ. ಮಲೆನಾಡಿನ ತೇವಕ್ಕೆ ಕಾರ್ಡು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಕೆಳಗಿನಿಂದ ಹಿಸುಕಿ ಮೇಲೆ ತರಬೇಕು. ಮಳೆಯಲ್ಲಿ ಬಟ್ಟೆ ನೆನೆಯುತ್ತದೆ. ಇದಕ್ಕೆ ಒಂದು ಜಿಪ್‌ಲಾಕ್ ಕವರ್ ಸಾಕಾಯಿತು. ದೊಡ್ಡ ತಲೆನೋವು ಪರ್ಸಿನ ಬಾಯಿ ಮುಚ್ಚುವ ವೆಲ್ಕ್ರೋ ಪಟ್ಟಿ. ಗಣೇಶಗುಡಿಯಲ್ಲಿ ಹಕ್ಕಿಗಳು ನೀರಾಡಲು ಬರುವ ಜಾಗದ ಎದುರು, ಮರೆಯಲ್ಲಿ ಕೂತಿದ್ದೆ. ಕೆಂಪು ಗಂಟಲಿನ ಪಿಕಳಾರ ತೊಟ್ಟಿಯ ಅಂಚಿಗೆ ಬಂದು ಕೂತಿತು. ನಾನು ಪರ್ಸು ತೆರೆದೆ. ಪರ್ರ್! ತೊಟ್ಟಿ ಖಾಲಿ. ಪಕ್ಕದಲ್ಲಿ ಕೂತಿದ್ದ ಹಿರಿಯರು ಏನೂ ಅನ್ನಲಿಲ್ಲ, ಸುಮ್ನೆ ನನ್ನ ಕಡೆ ನೋಡಿದರು. ಬೈದಿದ್ದರೇ ವಾಸಿ ಇತ್ತು.

ತುಂಬಿದ ಕಾರ್ಡಿನ ಪಕ್ಕದ ಲಾಕ್ ಗುಂಡಿ ಕೆಳಗೆ ಎಳೆದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುತ್ತದೆ, ನಾನೂ ಈಗ ಎಳೆಯುತ್ತೇನೆ. ಕ್ಯಾಮೆರಾ ಅದನ್ನು ಫಾರ್ಮ್ಯಾಟ್ ಮಾಡಲು ಒಪ್ಪುವುದಿಲ್ಲ. ಆದರೆ ಅದು ಬರಿ ಒಂದು ಪ್ಲಾಸ್ಟಿಕ್ ಚೂರು. ಒಳಗೆ ಯಾವ ತಂತಿಗೂ ಸೇರಿಲ್ಲ, ಅದು ಎಲ್ಲಿದೆ ಅನ್ನುವುದನ್ನು ಕ್ಯಾಮೆರಾ ಮುಟ್ಟಿ ನೋಡುತ್ತದೆ. ಆ ಚೂರು ಕಿತ್ತು ಬಿದ್ದರೆ ಖಾಲಿ ಕಾರ್ಡೂ ಲಾಕ್ ಆದಂತೆಯೇ. ಆಗ ಆ ಜಾಗಕ್ಕೆ ಸಣ್ಣ ಸೆಲ್ಲೋಟೇಪು ಅಂಟಿಸಿ ದಿನ ದೂಡಬಹುದು. ಮೈಕ್ರೋ ಎಸ್‌ಡಿ, ಸಿಎಫ್‌ಎಕ್ಸ್‌ಪ್ರೆಸ್ ಎಂಬ ಬೇರೆ ಬಗೆಯ ಕಾರ್ಡುಗಳಿಗೆ ಈ ಗುಂಡಿಯೇ ಇಲ್ಲ. ಅವನ್ನು ಬಳಸುವವರಿಗೆ ಬೆನ್ನು ಮೇಲೆ ಮಾಡುವ ಪದ್ಧತಿಯೇ ಗತಿ.

ನನ್ನ ಗೆಳೆಯನೊಬ್ಬನದು ಬೇರೆಯೇ ವಾದ. 256 ಜಿಬಿ ಕಾರ್ಡು ಒಂದು ಹಾಕು, ಕ್ಯಾಮೆರಾದಿಂದ ತೆಗೆಯಲೇಬೇಡ, ಡಬ್ಬಿಯೂ ಬೇಡ ಪರ್ಸೂ ಬೇಡ ಅನ್ನುತ್ತಾನೆ. ಅರ್ಧ ಒಪ್ಪುತ್ತೇನೆ. ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲು, ಅಂದರೆ ಸಂಸ್ಕರಿಸದ ಮೂಲ ಚಿತ್ರ, ಒಂದಕ್ಕೆ ಸುಮಾರು 28 ಎಂಬಿ. ಅಂದರೆ 64 ಜಿಬಿಗೆ ಎರಡು ಸಾವಿರ ಚಿತ್ರದ ಮೇಲೆ. ಸೆಕೆಂಡಿಗೆ ಹತ್ತು ಹೊಡೆದರೆ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ, ಆದರೆ ಬೆರಳು ಸ್ವಲ್ಪ ಹಿಡಿತದಲ್ಲಿದ್ದರೆ ಒಂದು ದಿನಕ್ಕೆ ಸಾಕು. ಎರಡು ಕಾರ್ಡು ಹಿಡಿಯುವ ಕ್ಯಾಮೆರಾ ಇದ್ದು, ಎರಡಕ್ಕೂ ಒಟ್ಟಿಗೆ ಬರೆಸುವವರು ಅವನ ದಾರಿ ಹಿಡಿಯಬಹುದು. ನನ್ನದು ಒಂದೇ ಗೂಡಿನದು. ಅದು ಕಾವೇರಿಗೆ ಬಿದ್ದರೆ ವಾರದ ಕೆಲಸವೆಲ್ಲ ಮೊಸಳೆ ಪಾಲು. ದಿನಕ್ಕೊಂದು ಕಾರ್ಡು ತೆಗೆದಿಟ್ಟರೆ ಹೋಗುವುದು ಒಂದು ದಿನದ್ದು.

ಈಗ ನಡೆಯುತ್ತಿರುವುದು ಹೀಗೆ. ಕಾಡಿಗೆ ಪರ್ಸು ಮಾತ್ರ, ಪ್ಯಾಂಟಿನ ಎಡ ಜೇಬಿನಲ್ಲಿ, ದಾರ ಬೆಲ್ಟಿಗೆ. ಮಳೆ ಇದ್ದರೆ ಜಿಪ್‌ಲಾಕ್. ರಾತ್ರಿ ರೂಮಿಗೆ ಬಂದು ಲ್ಯಾಪ್‌ಟಾಪಿಗೆ ಇಳಿಸಿದ ಮೇಲೆ ತುಂಬಿದ ಕಾರ್ಡುಗಳು ಗಟ್ಟಿ ಡಬ್ಬಿಗೆ, ಸಿಲಿಕಾ ಜೆಲ್ ಜೊತೆ. ಆ ಡಬ್ಬಿ ರೂಮು ಬಿಟ್ಟು ಹೊರಗೆ ಬರುವುದಿಲ್ಲ. ಮನೆಗೆ ಬಂದು ಇನ್ನೊಂದು ಹಾರ್ಡ್ ಡಿಸ್ಕಿಗೂ ಹಾಕುವ ತನಕ ಯಾವುದನ್ನೂ ಫಾರ್ಮ್ಯಾಟ್ ಮಾಡುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮಗಳು ಮಣಿ ಇಟ್ಟುಕೊಂಡಿದ್ದಾಳೆ.

ವೆಲ್ಕ್ರೋವನ್ನು ನಮ್ಮ ಬೀದಿಯ ಟೈಲರ್ ಕಿತ್ತು ಎರಡು ಟಿಚ್ ಬಟನ್ ಹಾಕಿಕೊಟ್ಟರು. ಕಾರಣ ಕೇಳಿದರು. ಹಕ್ಕಿ ಹಾರಿಹೋಗುತ್ತದೆ ಅಂದೆ. ಇಪ್ಪತ್ತು ರೂಪಾಯಿ ತೆಗೆದುಕೊಂಡರು, ಮುಂದೆ ಏನೂ ಕೇಳಲಿಲ್ಲ.