ಊಟ ಸೂಪರ್, ನಾಲೆ ವಾಕ್ ಮಾತ್ರ ನಂಬಬೇಡಿ

ಗೊರೂರಿನ ಹತ್ತಿರದ ಈ ಹೋಂಸ್ಟೇಗೆ ದಸರಾ ರಜೆಯಲ್ಲಿ ಮಕ್ಕಳು, ಅತ್ತೆ ಎಲ್ಲರನ್ನೂ ಕರೆದುಕೊಂಡು ಹೋಗಿದ್ದೆವು. ರೂಮು ಪರವಾಗಿಲ್ಲ, ಬಿಸಿನೀರು ಬೆಳಿಗ್ಗೆ ಮಾತ್ರ. ಊಟದ ಬಗ್ಗೆ ಎರಡು ಮಾತಿಲ್ಲ. ಬಿಸಿ ಬಿಸಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ರಾತ್ರಿಗೆ ಮುದ್ದೆ ಬಸ್ಸಾರು. ನಮ್ಮತ್ತೆ ಬೇರೆಯವರ ಅಡುಗೆಯನ್ನ ಅಷ್ಟು ಸುಲಭಕ್ಕೆ ಒಪ್ಪೋರಲ್ಲ, ಅವರೇ ಮತ್ತೆ ಸಾರು ಹಾಕಿಸಿಕೊಂಡರು.

ತಕರಾರು ಇರೋದು ಇವರ 'ನಾಲೆ ವಾಕ್' ಬಗ್ಗೆ. ಹೇಮಾವತಿ ಎಡದಂಡೆ ನಾಲೆಯ ಏರಿ ಹಿಡಿದು ಹೋಗಿ, ಮುಂದಿನ ಸೇತುವೆ ದಾಟಿ ಆಚೆ ದಡದಲ್ಲಿ ವಾಪಸ್ ಬನ್ನಿ, ಆರಾಮಾಗಿ ಒಂದು ಗಂಟೆ ಅಂದರು. ಜೊತೆಗೆ ಯಾರನ್ನಾದರೂ ಕಳಿಸಿ ಅಂತ ಕೇಳಿದರೆ, 'ಏನೂ ಬೇಡ ಸಾರ್, ನೀರಿನ ಪಕ್ಕದಲ್ಲೇ ನಡೀರಿ, ದಾರಿ ಹೆಂಗೆ ತಪ್ಪುತ್ತೆ?'

ಹೆಂಗೆ ಅಂದರೆ ಹಿಂಗೆ. ಸ್ವಲ್ಪ ದೂರ ಹೋದರೆ ಒಂದು ತೂಬು, ತುಕ್ಕು ಹಿಡಿದ ಗೇಟು, ಅಲ್ಲಿಂದ ಗದ್ದೆ ಕಡೆಗೆ ಒಂದು ಉಪನಾಲೆ. ಎರಡರಲ್ಲೂ ನೀರಿದೆ. ದೊಡ್ಡ ನಾಲೆಯ ಏರಿ ಮೇಲೆ ಆಳೆತ್ತರ ಲಂಟಾನ, ಉಪನಾಲೆ ಪಕ್ಕ ಟ್ರ್ಯಾಕ್ಟರ್ ಓಡಾಡಿ ನೀಟಾದ ದಾರಿ. ಮಕ್ಕಳನ್ನ ಕರೆದುಕೊಂಡು ಬಂದವರು ಯಾವ ಕಡೆ ಹೋಗ್ತಾರೆ, ನೀವೇ ಹೇಳಿ. ಕಲ್ಲಿನ ಮೇಲೆ ಸುಣ್ಣದಲ್ಲಿ ಒಂದು ಬಾಣ ಬರೆದಿದ್ದರೂ ಸಾಕಿತ್ತು ಅಲ್ವಾ? ನಡೀತಾ ನಡೀತಾ ಉಪನಾಲೆ ಕಿರುಗಾಲುವೆ ಆಯಿತು, ಕಿರುಗಾಲುವೆ ಬದುವಿನ ಪಕ್ಕದ ತೋಡು ಆಯಿತು, ಕೊನೆಗೆ ಯಾರದೋ ಭತ್ತದ ಗದ್ದೆಯೊಳಗೆ ನೀರೇ ಮುಗಿದುಹೋಯಿತು. ಚಿಕ್ಕವಳ ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಅಲ್ಲಿ ಹಸು ಮೇಯಿಸುತ್ತಿದ್ದ ಅಜ್ಜ ನಮ್ಮನ್ನ ನೋಡಿದ ತಕ್ಷಣ 'ಆ ಮನೇಲಿ ಇಳ್ಕೊಂಡೋರಾ?' ಅಂದರು. ಅಂದರೆ ಇದು ಮಾಮೂಲಿ!

ದೊಡ್ಡ ನಾಲೆಗೆ ವಾಪಸ್ ಬಂದ ಮೇಲೂ ಸುಲಭ ಇಲ್ಲ. ನಾಲೆ ನೆಟ್ಟಗೆ ಹೋಗಲ್ಲ, ನೆಲದ ಮಟ್ಟ ನೋಡಿಕೊಂಡು ದಿಬ್ಬ ದಿಬ್ಬ ಸುತ್ತಿಕೊಂಡು ಹೋಗುತ್ತೆ. ಎದುರಿಗೆ ಹೋಂಸ್ಟೇ ಹೆಂಚು ಕಾಣುತ್ತೆ, ನಡೆದಷ್ಟೂ ದಾರಿ ಮುಗಿಯಲ್ಲ. ಮಧ್ಯೆ ದಾಟೋಣ ಅಂದರೆ ಸೇತುವೆ ಇಲ್ಲ. ಇದು ತುಮಕೂರಿನ ಕಡೆಗೆ ಹೋಗೋ ನೀರು, ಬಿಟ್ಟಾಗ ಸೆಳೆತ ಜಾಸ್ತಿ, ಕಾಂಕ್ರೀಟ್ ಇಳಿಜಾರಿನ ಮೇಲೆ ಪಾಚಿ, ಹಿಡಿಯೋಕೆ ಏನೂ ಸಿಗಲ್ಲ. ಮಕ್ಕಳ ಕೈ ಬಿಡಲೇಬೇಡಿ.

ಓಡಾಡಲೇಬೇಕು ಅಂದರೆ ಕಾರು ತಗೊಂಡು ಶೆಟ್ಟಿಹಳ್ಳಿಗೆ ಹೋಗಿ. ಹಿನ್ನೀರಿನಲ್ಲಿ ಮುಳುಗೇಳೋ ಹಳೇ ಚರ್ಚು, ಮಳೆಗಾಲ ಆದ ಮೇಲೆ ನೋಡೋಕೆ ಚೆಂದ, ದಾರಿನೂ ತಪ್ಪಲ್ಲ.

ಹೊರಡುವಾಗ ಬಿಲ್ ನೋಡಿದರೆ 'ನೇಚರ್ ವಾಕ್' ಅಂತ ತಲೆಗೆ ಇಷ್ಟು ಅಂತ ಸೇರಿಸಿದ್ದರು. ಯಾರು ಕರೆದುಕೊಂಡು ಹೋದರು ಅಂತ ಅತ್ತೆ ಕೇಳಿದರು. ಹೋಂಸ್ಟೇಯವರು ಸುಮ್ನೆ ಪೆನ್ ತಗೊಂಡು ಆ ಸಾಲು ಹೊಡೆದು ಹಾಕಿದರು.